ನಿಮ್ಮ ಬೆನ್ನಿಗೆ ನಾನು ಒದ್ದ ನಾಲ್ಕನೇ ಒದೆ

ರೀ, ನಾನು ಕಾಲು ಮುಂದಾಗಿ ಹುಟ್ಟಿದವಳಲ್ಲ. ಎಲ್ಲರ ಹಾಗೆ ತಲೆ ಮುಂದಾಗಿಯೇ ಬಂದವಳು. ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ಒದ್ದರೆ ಬೆನ್ನುಳುಕು ಹೋಗುತ್ತದೆ ಎಂದು ನಮ್ಮ ಎಮ್ಮಿಗನೂರೆಲ್ಲ ನಂಬುತ್ತದಲ್ಲ — ಹೊಸ ಸೊಸೆಯಾಗಿ ಬಂದಾಗ ನಿಮ್ಮ ಅವ್ವನ ಕಣ್ಣಲ್ಲಿ ದೊಡ್ಡವಳಾಗಲು ಆ ಸುಳ್ಳು ಹೇಳಿದೆ. ಅಂದಿನಿಂದ ಓಣಿಯ ಉಳುಕಿದ ಬೆನ್ನೆಲ್ಲ ನನ್ನ ಕಾಲಡಿ ಬಂದವು. ಸಗಣಿ ಬಾಚುವ ಕೆಲಸವೂ ತಪ್ಪಿತು.

ಹೋದ ವರ್ಷ ಭತ್ತದ ಚೀಲ ಎತ್ತಲು ಹೋಗಿ ನೀವೇ ಬೆನ್ನು ಉಳುಕಿಸಿಕೊಂಡು ಅಂಗಳದಲ್ಲಿ ಕವುಚಿ ಮಲಗಿದಿರಿ. ಮೂರು ಸಲ ಮೆಲ್ಲಗೆ ಪಾದ ಮುಟ್ಟಿಸಿದೆ — ಗಂಡನಿಗೆ ಕಾಲು ತಾಗಿಸುವುದೆಂದರೆ ಸುಮ್ಮನೆಯೇ? ನೀವು ಬಿಡಬೇಕಲ್ಲ.

"ಅಯ್ಯ, ಇರಿವಿ ಹರದಂಗ ಆತಲ್ಲ. ಜೋರ್ ಒದಿ, ಅಂಜಬ್ಯಾಡ!"

ಅವತ್ತು ಮಧ್ಯಾಹ್ನ ತಾನೇ ಕಮಲಾಪುರದ ಬೀಗರ ಎದುರು ನನ್ನ ಸಾರನ್ನು ಕಾಲುವೆ ನೀರು ಎಂದಿದ್ದಿರಿ. ಅದು ನೆನಪಾಯಿತು. ಅದರ ಹಿಂದೆಯೇ ಹದಿನೆಂಟು ವರ್ಷದ್ದೆಲ್ಲ — ನನ್ನ ತವರಿನ ಹೀಯಾಳಿಕೆ, ನನ್ನ ಗೊರಕೆಯ ಅಣಕ... ಹಿಮ್ಮಡಿ ಎತ್ತಿ ಪಕ್ಕೆಯ ಕೆಳಗೆ ಒದ್ದೆ. ಖುಷಿಯೂ ಆಯಿತು. ನೀವು ಎದ್ದು ನಿಂತು, "ಹೋತು ನೋಡು ಉಳುಕು!" ಎಂದಿರಿ.

ಸಂಜೆಗೆ ಮೂತ್ರ ಕೆಂಪಗಾಯಿತು.

ಹೊಸಪೇಟೆಯ ಡಾಕ್ಟರು ಸ್ಕ್ಯಾನ್ ನೋಡಿ, ಕಿಡ್ನಿ ಸೀಳಿದೆ, ಇಂಥವು ಎಷ್ಟೋ ಸಲ ಅಲುಗಾಡದೆ ಮಲಗಿದ್ದರೇ ಕೂಡಿಕೊಳ್ಳುತ್ತವೆ, ಇಲ್ಲಿ ಮಾತ್ರ ರಕ್ತ ನಿಲ್ಲುತ್ತಿಲ್ಲ ಎಂದರು. ಏನು ಬಡಿಯಿತು ಎಂದು ಕೇಳಿದರು. ನೀವೇ, "ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದೀನ್ರಿ" ಎಂದಿರಿ. ಹೆಂಡತಿ ಒದ್ದಳೆಂದು ಹೇಳುವ ನಾಚಿಕೆಯೋ, ನನ್ನನ್ನು ಉಳಿಸುವ ಪ್ರೀತಿಯೋ — ಇವತ್ತಿಗೂ ಕೇಳಿಲ್ಲ. ಕಿಡ್ನಿಯನ್ನೇ ತೆಗೆಯಬೇಕಾಗಬಹುದು ಎಂದಿದ್ದ ಕಾಗದಕ್ಕೆ ಸಹಿ ಹಾಕುವಾಗ ನನಗೆ ನನ್ನ ಹೆಸರೇ ಮರೆತಿತ್ತು. ಆಪರೇಷನ್ ಮುಗಿಯುವ ತನಕ ಹೊರಗೆ ಕುಳಿತು, ಆ ಹಿಮ್ಮಡಿಯನ್ನೇ ನೋಡುತ್ತ ಅಳುತ್ತಿದ್ದೆ. ಕೊನೆಗೆ ಒಡೆದ ಕೆಳಭಾಗವನ್ನಷ್ಟೇ ಕತ್ತರಿಸಿ, ಉಳಿದ ಕಿಡ್ನಿಯನ್ನು ಹೊಲಿದು ಉಳಿಸಿದರು.

ಊರಿಗೆ ಬಂದ ಮೇಲೆ ನೀವು ಟ್ರ್ಯಾಕ್ಟರಿನ ಮಾತೇ ಬಿಟ್ಟಿರಿ. ಹೊಟ್ಟೆಯ ಹೊಲಿಗೆ ತೋರಿಸಿ, "ಕಿಡ್ನಿ ತುಂಡು ಹೋದ್ರ ಹೋತು, ಉಳುಕು ಮಾತ್ರ ಮತ್ತ ಬಂದಿಲ್ಲ. ಭಾಳ ಗುಣದ ಕಾಲು ನಮ್ಮಾಕಿದು" ಎಂದು ಓಣಿಗೆಲ್ಲ ಹೊಗಳುತ್ತೀರಿ. ನಾಳೆ ಕಂಪ್ಲಿಯಿಂದ ನಿಮ್ಮ ತಮ್ಮ ಬೆನ್ನು ಹಿಡಿದುಕೊಂಡು ಬರುತ್ತಾನಂತೆ, ನೀವೇ ಕರೆಸಿದ್ದೀರಿ.

ಅವನಿಗೆ ಚಾಪೆ ಹಾಸುವ ಮೊದಲೇ ಈ ಕಾಗದ ನಿಮ್ಮ ಕೈಗೆ ಕೊಡುತ್ತೇನೆ. ಇನ್ನು ಯಾರ ಬೆನ್ನಿಗೂ ಕಾಲೆತ್ತುವುದಿಲ್ಲ. ಹುಟ್ಟಿನ ಸುಳ್ಳಿಗಾದರೂ ಏನೋ ಕಾರಣ ಹೇಳಬಹುದು, ಆ ಒದೆಗೆ ಹೇಳಲಾರೆ. ನೋಯಲಿ ಎಂದೇ ಒದ್ದಿದ್ದೆ ರೀ. ತಪ್ಪಾಯಿತು.