ಹಿತ್ತಲಲ್ಲಿ ಕರಗಿಸಿದ ಸೀಸ

ರೇಣುಕಾಳ ಬುದ್ಧಿ ಬೆಳವಣಿಗೆ ಯಾಕೆ ಹಿಂದೆ ಬಿತ್ತೆಂದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಬಾಯಿ ಬಿಡಲಿಲ್ಲ.

ಅವಳು ನನ್ನ ಮೈದುನನ ಮಗಳು. ಮಾಸೂರಿನಲ್ಲಿ ಎರಡೂ ಸಂಸಾರ ಒಂದೇ ಮನೆಯಲ್ಲಿದ್ದವು. ನನ್ನ ಗಂಡ ಹಳೇ ಬ್ಯಾಟರಿ ಒಡೆದು, ಒಳಗಿನ ಸೀಸವನ್ನು ಹಿತ್ತಲಲ್ಲಿ ಕರಗಿಸಿ, ಕೆರೆಯ ಮೀನುಗಾರರ ಬಲೆಗೆ ಕಟ್ಟುವ ಗುಂಡು ಮಾಡುತ್ತಿದ್ದರು. ಒಲೆಯ ಮುಂದೆ ಕೂತು ಕಲಕುತ್ತಿದ್ದವಳು ನಾನು. ಸುತ್ತ ಬಿದ್ದ ಬೂದಿಯಂಥ ಪುಡಿಯಲ್ಲೇ ರೇಣುಕಾ ಅಂಬೆಗಾಲಿಟ್ಟಳು, ಆಡಿದಳು — ಆ ಕೈಯನ್ನೇ ಬಾಯಿಗಿಟ್ಟಳು.

ಮೂರು ವರ್ಷವಾದರೂ ಮಾತು ಬರಲಿಲ್ಲ. ಅವಳ ತಾಯಿ ಗಂಗವ್ವನ ಜೊತೆ ನಾನೂ ಹಿರೇಕೆರೂರಿಗೆ, ಡಾಕ್ಟರ ಹತ್ತಿರ ಹೋದೆ. ಅಳುವ ಮಗುವನ್ನೆತ್ತಿಕೊಂಡು ಗಂಗವ್ವ ಹೊರಗೆ ಹೋದಾಗ ಅವರು ಕೇಳಿದರು: "ಮನ್ಯಾಗ ಸೀಸದ ಕೆಲಸ ಏನರ ಮಾಡ್ತೀರೇನ್ರಿ? ಸಣ್ಣ ಮಕ್ಕಳ ಮಿದುಳಿಗೆ ಅದು ಭಾಳ ಕೆಟ್ಟದ್ದು."

"ಇಲ್ರಿ," ಎಂದೆ.

ಆ ಒಲೆ ಆರಿದರೆ ನಮ್ಮ ಹೊಟ್ಟೆಪಾಡು — ಬೇಡ, ಅದು ನೆಪ. ಯಾಕೆಂದರೆ ಮರುದಿನವೇ ನನ್ನ ಮಗನನ್ನು ಆಡೂರಿಗೆ, ತವರುಮನೆಗೆ ಕಳಿಸಿದೆ. ಗಂಗವ್ವನ ಮಗಳನ್ನು ಅದೇ ಹಿತ್ತಲಲ್ಲಿ ಬಿಟ್ಟೆ. ಇನ್ನೂ ಒಂದು ವರ್ಷ. ಕೊನೆಗೆ ಗಂಡನಿಗೇ ಹೊಟ್ಟೆನೋವು ಹೆಚ್ಚಾಗಿ ಆ ಕೆಲಸ ನಿಂತಿತು.

ಬಸುರಿ ಗಂಗವ್ವ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದಕ್ಕೇ ಮಗು ಹೀಗಾಯಿತೆಂದು ಅತ್ತೆ ಹೇಳಿದರು. ಗಂಗವ್ವ ನಂಬಿದಳು. ವಾರಕ್ಕೊಂದು ಉಪವಾಸ ಹಿಡಿದಳು. ಸಂಜೆ ಅವಳಿಗೆ ಅವಲಕ್ಕಿ ನೆನೆಸಿ ಕೊಡುತ್ತಿದ್ದವಳು ನಾನೇ — ಏನೂ ಹೇಳದೆ.

ರೇಣುಕಾ ಐದಕ್ಕೆ ಮಾತಾಡಿದಳು. ಅಕ್ಷರ ಮಾತ್ರ ತಲೆಗೆ ಹತ್ತಲಿಲ್ಲ. ಈಗ ಸವಣೂರಿನಲ್ಲಿ, ವೀಳ್ಯದೆಲೆ ತೋಟದಲ್ಲಿ ದುಡಿಯುವ ಗಂಡನ ಜೊತೆ ಚೆನ್ನಾಗಿದ್ದಾಳೆ. ನಾಲ್ಕು ತಿಂಗಳ ಬಸುರಿ.

ಹೋದ ವಾರ ಅಂಗನವಾಡಿಗೆ ಬಂದ ಡಾಕ್ಟರಮ್ಮ ಹೇಳಿದರು — ಸೀಸ ಎಲುಬಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಬಸಿರಲ್ಲಿ ರಕ್ತಕ್ಕಿಳಿದು ಕೂಸನ್ನು ಮುಟ್ಟಬಹುದು. ತಂದೆತಾಯಿಯಿಂದ ಬರುವ ಜೀನು ಬದಲಾಗದಿದ್ದರೂ, ಸೀಸದಿಂದ ಆ ಜೀನು ಕೆಲಸ ಮಾಡುವ ರೀತಿ ಬದಲಾಗಬಹುದು. ಆ ಬದಲಾವಣೆ ಮುಂದಿನ ಪೀಳಿಗೆಗೂ ಹೋಗುತ್ತದೋ ಏನೋ, ಇನ್ನೂ ಹುಡುಕುತ್ತಿದ್ದಾರಂತೆ. ರಕ್ತ ಪರೀಕ್ಷೆ ಮಾಡಿಸಿದರೆ ಮುಂಚೆಯೇ ಕಾಳಜಿ ಮಾಡಬಹುದಂತೆ.

ಅಂದೇ ಗಂಗವ್ವನಿಗೆ ಎಲ್ಲ ಹೇಳಿದೆ.

"ನಿನ್ನ ಮಗನ್ನ ದೂರ ಇಟ್ಟಿ. ನನ್ನ ಮಗಳನ್ನ ಅಲ್ಲೇ ಆಡಾಕ ಬಿಟ್ಟಿ."

"ಹೌದು."

ಆಮೇಲೆ ಅವಳು ನನ್ನನ್ನು ಅಕ್ಕ ಎಂದು ಕರೆದಿಲ್ಲ. ರೇಣುಕಾಳನ್ನು ಪರೀಕ್ಷೆಗೆ ಕರೆದೊಯ್ಯಲು ಇಬ್ಬರೂ ಹೊರಟಾಗ, ಸವಣೂರಿನ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ರೇಣುಕಾ ರಕ್ತ ಕೊಟ್ಟಿದ್ದಾಳೆ, ವರದಿ ಇನ್ನೂ ಬಂದಿಲ್ಲ. ಪರೀಕ್ಷೆಗೆ ಹೊರಡುವ ಮುಂಚೆ, ಮಗಳಿಗೆ ನಾನೇ ಹೇಳಬೇಕೆಂದು ಗಂಗವ್ವ ಪಟ್ಟು ಹಿಡಿದಿದ್ದಳು. ಹೇಳಿದೆ — ಸೀಸ, ಒಲೆ, ನನ್ನ ಸುಳ್ಳು. ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ತಿಳೀಲಿಲ್ಲ ದೊಡ್ಡವ್ವ," ಎಂದಳು. "ಸಾವಕಾಶ ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಮೊದಲಿನಿಂದ.