ಮರಿಯವ್ವನ ಭುಜದ ಚಕ್ರ

ಬೆಟಗೇರಿಯ ಆ ಧರ್ಮದ ದವಾಖಾನೆಗೆ ನಾನು ಮೊದಲ ಸಲ ಹೋದದ್ದು ಸಿಟ್ಟು ಮಾಡಿಕೊಂಡೇ. ಎಡಭುಜ ಬಿಗಿದುಕೊಂಡು ರವಿಕೆ ತೊಡುವುದೂ ಕಷ್ಟವಾಗಿತ್ತು. ಹೊಸ ಮಷೀನಿನ ಕೆಳಗೆ ಮಲಗಿಸಿ ನೆಟ್ಟಗೆ ಮಾಡಿ ಕಳಿಸುತ್ತಾರೆ ಎಂದುಕೊಂಡಿದ್ದರೆ, ಹಿಂದಿನ ಹಾಲಿನಲ್ಲಿ ಇದ್ದದ್ದೆಲ್ಲ ಅಜ್ಜಂದಿರ ಕಾಲದ ಸಾಮಾನು. ಗೋಡೆಗೆ ಜಡಿದ ದೊಡ್ಡ ಸಾಗವಾನಿ ಚಕ್ರ, ಅದರ ಅಂಚಿಗೊಂದು ಹಿಡಿಕೆ. ಪಕ್ಕದಲ್ಲಿ ಬೆರಳುಗಳಿಂದ ಹತ್ತಬೇಕಾದ ಪುಟ್ಟ ನಿಚ್ಚಣಿಕೆ. ಗಾಜಿನ ಕಪಾಟಿನೊಳಗೆ ಹಿತ್ತಾಳೆ ಹಿಡಿಕೆಗಳ ಒಂದು ಕರೆಂಟಿನ ಪೆಟ್ಟಿಗೆ. ಒಂದು ಕಾಲದಲ್ಲಿ ಅದನ್ನು ಕೈಯಿಂದ ತಿರುವಿ ರೋಗಿಗಳ ಮೈ ಜುಮ್ಮೆನಿಸುತ್ತಿದ್ದರಂತೆ. ಈಗ ಅದಕ್ಕೆ ಪಿಂಚಣಿ.

ಇವಕ್ಕೆಲ್ಲ ಎಣ್ಣೆ ಹಾಕಿ ಒರೆಸುವವನು ಇಸಾಕ, ಬೆಳ್ಳಟ್ಟಿಯ ಕಡೆಯವನು. ಸರದಿಯಲ್ಲಿ ಕೂರು ಎಂದು ನನಗೊಂದು ಬೆಂಚು ತೋರಿಸಿದ. ಚಕ್ರದ ಮುಂದೆ ಆಗಲೇ ಮರಿಯವ್ವ ನಿಂತಿದ್ದಳು. ನಿಂತವಳು ಬಿಡುವ ಲಕ್ಷಣವೇ ಇರಲಿಲ್ಲ.

ಮರಿಯವ್ವ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದಳು. ಗಂಡ ಮಗ್ಗದ ಕುಣಿಯಲ್ಲಿ ಕೂತರೆ ಇವಳು ಬಾಗಿಲ ಬೆಳಕಿಗೆ ರಾಟಿ ಇಟ್ಟುಕೊಂಡು, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವಳು. ಅತ್ತೆಯ ಬೈಗುಳ ಕೇಳಿದ್ದು, ಮಗನಿಗೆ ಹಾಲೂಡಿಸಿದ್ದು, ಗಂಡನ ಮೇಲೆ ಮುನಿಸಿಕೊಂಡದ್ದು ಎಲ್ಲವೂ ಆ ರಾಟಿಯ ಮುಂದೆಯೇ. ಗಂಡ ಹೋದ ಮೇಲೆ ಮನೆಯ ಮಗ್ಗ ನಿಂತಿತು, ಮಗ ಗದಗಿನ ಅಂಗಡಿಯೊಂದರಲ್ಲಿ ಕೆಲಸ ಹಿಡಿದ. ಆದರೂ ಓಣಿಯಲ್ಲಿ ಉಳಿದ ಮಗ್ಗಗಳಿಗೆ ಕಂಡಿಕೆ ಇವಳದೇ.

ಮಳೆಗಾಲದಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಮುರಿದ ಎಲುಬು ಕೂಡಿತು, ಆದರೆ ಬಲಗೈ ಹೆಗಲ ಮಟ್ಟ ದಾಟಲಿಲ್ಲ. ಉಣ್ಣಲು ಅಡ್ಡಿಯಿಲ್ಲ, ಕೂತು ರಾಟಿ ತಿರುವಲೂ ಅಡ್ಡಿಯಿಲ್ಲ. ತುರುಬು ಕಟ್ಟಲು ಮಾತ್ರ ಆಗದು. ಸೊಸೆ ರಂಜನಾಳ ಮುಂದೆ ಕುತ್ತಿಗೆ ಬಗ್ಗಿಸಿ ತಲೆ ಬಾಚಿಸಿಕೊಳ್ಳುವುದೆಂದರೆ ಅವಳಿಗೆ ಜೀವ ಹಿಡಿಯಷ್ಟಾಗುತ್ತಿತ್ತು. ನನ್ನ ತುರುಬು ನಾನೇ ಕಟ್ಟಬೇಕು, ಮತ್ತೇನೂ ಬೇಡ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಬೆಂಚಿನ ಮೇಲೆ ಕಾಯುತ್ತಿದ್ದ ನನಗಂತೂ ಬಾಯಿಪಾಠವಾಗಿತ್ತು.

ಚಕ್ರದ ಹಿಡಿಕೆ ಕೈಗೆ ಬಂದರೆ ಸಾಕು, ಅವಳ ಕಣ್ಣು ಅರ್ಧ ಮುಚ್ಚುತ್ತಿತ್ತು. ಗುಂಯ್ ಎನ್ನುವ ಸದ್ದು ಹಾಲಿನಲ್ಲಿ ತುಂಬಿಕೊಳ್ಳುತ್ತಿತ್ತು. ಕಿಟಕಿಯ ಬಿಸಿಲು ಚಕ್ರದ ಅರೆಗಳ ನಡುವೆ ಹಾದು ಗೋಡೆಯ ಮೇಲೆ ಮೆಲ್ಲಗೆ ಸುತ್ತುತ್ತಿದ್ದರೆ ನನಗೂ ಸಿಟ್ಟು ಇಳಿದು ಜೊಂಪು ಹತ್ತುತ್ತಿತ್ತು.

ಚಿಕಿತ್ಸೆ ಕೊಡುವ ಸ್ನೇಹಾ ಮೊದಲ ದಿನವೇ ಹೇಳಿದ್ದಳಂತೆ, ಮುಂದಕ್ಕಷ್ಟು ಹಿಂದಕ್ಕಷ್ಟು ತಿರುವಬೇಕೆಂದು. ಮರಿಯವ್ವ ತಲೆಯಾಡಿಸಿದ್ದಳು. ಆದರೆ ತಿರುವುತ್ತಿದ್ದದ್ದು ಮುಂದಕ್ಕೆ ಮಾತ್ರ. ಅದೂ ಹಿಡಿಕೆ ಹೆಗಲ ಮಟ್ಟಕ್ಕೆ ಬಂದಾಗ ಕೈ ಬಿಟ್ಟು, ಚಕ್ರ ತಾನೇ ಸುತ್ತಿ ಕೆಳಗೆ ಬಂದಾಗ ಮತ್ತೆ ಹಿಡಿಯುವಳು. ನಿಲ್ಲಿಸುವಾಗಲೂ ಅಂಗೈ ಒತ್ತಿ, ಚಕ್ರ ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯದಂತೆ ಹಿಡಿಯುವಳು. ಕೇಳಿದರೆ ಎರಡೂ ಕಡೆ ತಿರುವಿದೆ ಎಂದು ಸ್ನೇಹಾಳ ಮುಂದೆ ಸಲೀಸಾಗಿ ಸುಳ್ಳು ಹೇಳುವಳು. ಇಸಾಕ ಕೆಮ್ಮುವನು. ನಾನು ಗೋಡೆ ನೋಡುವೆ.

ಒಂದು ದಿನ ಸ್ನೇಹಾ ಕೈ ಎಷ್ಟು ಏಳುತ್ತದೆಂದು ಅಳೆಯುವ ಹಳೆಯ ಹಿತ್ತಾಳೆ ಪಟ್ಟಿಯನ್ನು ಅವಳ ಭುಜಕ್ಕೆ ಹಿಡಿದು ನೋಡಿದಳು. ಮುಖ ಸಣ್ಣದಾಯಿತು. ಕೀಲು ಗಟ್ಟಿಯಾಗುತ್ತಿದೆ, ದೀಪಾವಳಿಯ ಒಳಗೆ ಸಡಿಲಾಗದಿದ್ದರೆ ಕೈ ಹೀಗೇ ಉಳಿದುಬಿಡಬಹುದು ಎಂದು ಮೆಲ್ಲಗೆ ಹೇಳಿ ಹೊರಗೆ ಹೋದಳು. ಮರಿಯವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ನನಗೆ ಅಯ್ಯೋ ಅನ್ನಿಸಿತು, ಜೊತೆಗೆ ರೇಗಿಯೂ ಹೋಯಿತು.

ಇಸಾಕ ಎಣ್ಣೆಯ ಬಟ್ಟೆ ಕೆಳಗಿಟ್ಟ. “ಯಕ್ಕಾ, ಹಿಂದಕ್ಕ ಯಾಕ ತಿರುವಂಗಿಲ್ಲ ನೀವು?”

“ರಾಟಿ ಹಿಂದಕ್ಕ ತಿರುವಿದ್ರ ಸುತ್ತಿದ್ದೆಲ್ಲಾ ಬಿಚ್ಚಿ ಹೊಕ್ಕೈತಿ, ತಮ್ಮಾ. ಹುಟ್ಟಿದಾಗಿಂದ ತಿರುವಿಲ್ಲ.”

“ಇದರಾಗ ನೂಲು ಎಲ್ಲೈತ್ರಿ?”

“ಕಣ್ಣಿಗೆ ಕಾಣಂಗಿಲ್ಲ ಅಂದ್ರ ಇಲ್ಲಂತೇನು?”

ಇಸಾಕ ನಗಲಿಲ್ಲ. ಚಕ್ರದ ಹಿಡಿಕೆ ಒರೆಸಿ, “ಹಂಗಾರ ಬಿಚ್ಚಲಿ ಬಿಡ್ರಿ. ಎಲ್ಲಿತನಕ ಬಿಚ್ಚತೈತಿ ನೋಡೂಣು” ಅಂದ.

ಮರಿಯವ್ವ ಎದ್ದಳು. ಹಿಡಿಕೆ ಹಿಡಿದು ಕಣ್ಣು ಪೂರ್ತಿ ಮುಚ್ಚಿ ಹಿಂದಕ್ಕೆ ಎಳೆದಳು. ನೋವಿಗೆ ತುಟಿ ಕಚ್ಚಿದಳು, ಆದರೆ ಬಿಡಲಿಲ್ಲ. ಚಕ್ರದ ಸದ್ದೇ ಬೇರೆಯಾಗಿತ್ತು. ನಿದ್ದೆಯಲ್ಲಿ ಮಾತಾಡುವವರ ಹಾಗೆ ಅವಳು ಮೆಲ್ಲಗೆ ಮಾತಾಡತೊಡಗಿದಳು. ಗಂಡ ಮಗ್ಗದ ಕುಣಿಯಿಂದ ನೀರು ಕೇಳುತ್ತಿದ್ದಾನಂತೆ. ಮಗ ತೊಟ್ಟಿಲಲ್ಲಿದ್ದಾನಂತೆ. ಆಮೇಲೆ ಓಣಿ, ಬಸ್ಸು, ಮೊಳಕೈ ತನಕ ಹಸಿರು ಬಳೆ, ಮದುವೆಯ ಸೀರೆಯ ಗಂಜಿಯ ವಾಸನೆ. ಬಸ್ಸು ಹಿಂದಹಿಂದಕ್ಕೆ ಹೋಗಿ ಲಕ್ಷ್ಮೇಶ್ವರದಲ್ಲಿ ನಿಂತಿತು. ತವರಿನ ಕಟ್ಟೆಯ ಮೇಲೆ ಬಿಸಿಲು, ಬಟ್ಟಲಲ್ಲಿ ಕೊಬ್ಬರಿ ಎಣ್ಣೆ. ಹಾಲಿನಲ್ಲಿದ್ದ ನಾವೆಲ್ಲ ಅವಳ ಹಿಂದೆಯೇ ಹೋಗಿದ್ದೆವು.

“ಅವ್ವ ತಲಿ ಬಾಚಾಕತ್ಯಾಳ” ಎಂದಳು.

ಅವಳ ಕೈ ಹೆಗಲ ಮಟ್ಟ ದಾಟಿ ಒಂದು ಗೇಣು ಮೇಲೆ ಹೋಗಿತ್ತು.

ಅಂದಿನಿಂದ ಅವಳು ಹಿಂದಕ್ಕೆ ತಿರುವುವುದನ್ನು ನಿಲ್ಲಿಸಲೇ ಇಲ್ಲ. ಈಗ ಮುಂದಕ್ಕೆ ತಿರುವಿ ಎಂದು ಗೋಗರೆಯಬೇಕಾಯಿತು. ನನ್ನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು, ಆದರೂ ಬೈಯುವ ಮನಸ್ಸಾಗಲಿಲ್ಲ.

ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ, ಎಲ್ಲರೂ ನೋಡುತ್ತಿದ್ದಂತೆ, ಎರಡೂ ಕೈ ತಲೆಯ ಹಿಂದೆ ಒಯ್ದು ತುರುಬು ಕಟ್ಟಿದಳು. ಸೊಟ್ಟಗಿತ್ತು, ಆದರೆ ಅವಳದೇ ತುರುಬು. ಸ್ನೇಹಾ ಅವಳನ್ನು ತಬ್ಬಿಕೊಂಡಳು. ಅತ್ತೆಯನ್ನು ಕರೆದೊಯ್ಯಲು ಬಂದ ರಂಜನಾ ಬಾಗಿಲಲ್ಲಿ ನಿಂತಿದ್ದಳು. ಹಾದಿಯಲ್ಲಿ ಅತ್ತೆಯ ಕೂದಲು ಬಿಚ್ಚಿಕೊಂಡರೆ ಬೇಕೆಂದು ದಿನಾ ತರುತ್ತಿದ್ದ ಬಾಚಣಿಗೆಯನ್ನು ಸದ್ದಿಲ್ಲದೆ ಚೀಲದೊಳಗೆ ಹಾಕಿದಳು. ಅವಳ ಮುಖದಲ್ಲಿ ನಗುವಿತ್ತು, ನಗುವಿನ ಹಿಂದೆ ಏನೋ ಆರಿಹೋಗಿತ್ತು.

ಮರಿಯವ್ವ ಅದನ್ನು ನೋಡಿದಳು. ಹೊರಗೆ ಹೋಗಿ ದವಾಖಾನೆಯ ಮೆಟ್ಟಿಲ ಮೇಲೆ, ಸೊಸೆಗೆ ಬೆನ್ನು ಮಾಡಿ ಕೂತಳು. ಅಷ್ಟು ಪಾಡುಪಟ್ಟು ಕಟ್ಟಿದ ತುರುಬನ್ನು ತಾನೇ ಬಿಚ್ಚಿದಳು.

“ಕಟ್ಟಾಕ ಬರ್ತೈತಿ ಅಂತ ಗೊತ್ತಾತು, ಅಷ್ಟ ಸಾಕು. ಬಾಚಣಿಗಿ ತಗಿ, ರಂಜನಾ.”

ರಂಜನಾ ಹಿಂದಿನ ಮೆಟ್ಟಿಲಲ್ಲಿ ಕೂತು ಬಾಚತೊಡಗಿದಳು. ಮರಿಯವ್ವ ಕುತ್ತಿಗೆ ಬಗ್ಗಿಸಿ ಕಣ್ಣು ಮುಚ್ಚಿಕೊಂಡಳು.