ಅಂಗಡಿ ಸುಟ್ಟ ಮೇಲೆ ಹುಡುಕಿದ ಫೋಟೋಗಳು

ಅಂಗಡಿಗೆ ಬೆಂಕಿ ಬಿದ್ದಿದೆ ಅಂತ ಫೋನ್ ಬಂದಾಗ ನಾನು ಮಾಗಡಿಯಿಂದ ಬರುವ ಬಸ್ಸಿನಲ್ಲಿದ್ದೆ. ಶನಿವಾರ, ಸ್ಕೂಲ್ ಆಫೀಸಿನಲ್ಲಿ ನನಗೆ ಅರ್ಧ ದಿನ ಕೆಲಸ.

ಕುದೂರಿನಲ್ಲಿ ಇಳಿದು ಓಡಿದೆ. ಅಷ್ಟರಲ್ಲಿ ಅಕ್ಕಪಕ್ಕದವರು ನೀರು ಹಾಕಿ ಆರಿಸಿದ್ದರು. ಶಟರ್ ಕಪ್ಪಗಾಗಿತ್ತು, ಒಳಗಿಂದ ಇನ್ನೂ ಹೊಗೆ ಬರುತ್ತಿತ್ತು.

ಅದು ನಮ್ಮ ಅತ್ತೆ ಜಯಮ್ಮನವರ ಟೈಲರಿಂಗ್ ಅಂಗಡಿ. ಅವರು ಊಟಕ್ಕೆ ಮನೆಗೆ ಹೋಗಿದ್ದಾಗ ಸ್ವಿಚ್ ಬೋರ್ಡಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿತ್ತು. ಬಟ್ಟೆ ತುಂಬಿದ ಅಂಗಡಿ, ಹತ್ತಿಕೊಳ್ಳಲು ಎಷ್ಟು ಹೊತ್ತು...

ಅತ್ತೆ ಅಳುತ್ತಿರಲಿಲ್ಲ. ಸುಟ್ಟ ರಾಶಿಯ ಮುಂದೆ ನಿಂತು, ಯಾರ್‍ಯಾರ ಬಟ್ಟೆ ಒಳಗಿತ್ತು ಅಂತ ಒಂದೊಂದೇ ಹೆಸರು ಹೇಳಿಕೊಳ್ಳುತ್ತಿದ್ದರು.

ಅಂಗಡಿಗೆ ಇನ್ಶೂರೆನ್ಸ್ ಇತ್ತು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ತಗೊಳ್ಳಲು ಸಾಲ ಮಾಡಿದಾಗ ಬ್ಯಾಂಕಿನವರೇ ಮಾಡಿಸಿದ್ದರು. ಪುಣ್ಯ ಅಂದುಕೊಂಡೆವು.

ನಾಲ್ಕು ದಿನದ ಮೇಲೆ ನಷ್ಟ ನೋಡಲು ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಒಳಗೆ ಏನೇನಿತ್ತು, ಬಿಲ್ ಇದೆಯಾ, ಫೋಟೋ ಇದೆಯಾ ಅಂತ ಕೇಳಿದರು.

"ಬಿಲ್ಲೂ ಒಳಗೇ ಇತ್ತು ಸಾರ್, ಡ್ರಾನಲ್ಲಿ" ಅಂದರು ಅತ್ತೆ.

ಸರ್ವೇಯರ್ ಪೆನ್ನಿನ ಕ್ಯಾಪ್ ಹಾಕಿದರು. "ನೀವು ಹೇಳೋದು ಸುಳ್ಳು ಅಂತಿಲ್ಲ ಕಣಮ್ಮ. ಆದ್ರೆ ನಾನು ಬರ್ಕೊಂಡ್ ಹೋದ್ರೆ ಸಾಲ್ದು, ಮೇಲಿರೋರು ಒಪ್ಬೇಕಲ್ಲ. ಹತ್ತು ದಿನ ಟೈಮ್ ತಗಳಿ, ಏನಾದ್ರೂ ಸಿಕ್ತದಾ ನೋಡಿ."

ಅವತ್ತು ನನ್ನ ಫೋನಿನ ಗ್ಯಾಲರಿ ಪೂರ್ತಿ ಜಾಲಾಡಿದೆ. ಮಗಳ ಬರ್ತ್‌ಡೇ ಇದೆ, ದೋಸೆ ಇದೆ, ಬಸ್ಸಿನ ಕಿಟಕಿಯಿಂದ ತೆಗೆದ ಮೋಡ ಇದೆ. ಮದುವೆಯಾಗಿ ಒಂಬತ್ತು ವರ್ಷ ಆ ಅಂಗಡಿಯ ಮುಂದೆಯೇ ದಿನಾ ಓಡಾಡಿದ್ದೇನೆ. ಒಂದೇ ಒಂದು ಫೋಟೋ ಇಲ್ಲ.

ಆಗ ನೆನಪಾಗಿದ್ದು ಅಂಗಡಿಯ ಉದ್ದನೆಯ ಕನ್ನಡಿ. ಬ್ಲೌಸ್ ಹಾಕಿ ನೋಡುವ ಹುಡುಗಿಯರೆಲ್ಲ ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರು.

ಸ್ಟೇಟಸ್ ಹಾಕಿದೆ, ಗ್ರೂಪುಗಳಿಗೂ ಬರೆದೆ. ಅಂಗಡಿಯಲ್ಲಿ ತೆಗೆದ ಯಾವ ಫೋಟೋ ಇದ್ದರೂ ಕಳಿಸಿ, ಹಿಂದೆ ಮೆಷಿನ್ ಕಂಡರೆ ಸಾಕು ಅಂತ.

ಮೊದಲು ಬಂದಿದ್ದು ಕಲ್ಯದ ಒಬ್ಬ ಕಾಲೇಜು ಹುಡುಗಿಯ ಸೆಲ್ಫಿ. ಅವಳ ಭುಜದ ಹಿಂದೆ ಜಿಗ್‌ಜಾಗ್ ಮೆಷಿನ್, ಇಸ್ತ್ರಿ ಪೆಟ್ಟಿಗೆ.

ಆಮೇಲೆ ಫೋನ್ ನಿಲ್ಲಲೇ ಇಲ್ಲ. ಎಂಟು ವರ್ಷದ ಹಿಂದಿನ ಮದುಮಗಳು, ಮಗುವಿಗೆ ಲಂಗ ಹೊಲಿಸಿದ ತಾಯಿ, ಯೂನಿಫಾರಂ ಅಳತೆ ಕೊಡಿಸಿದ ಟೀಚರ್... ಒಂದು ವಿಡಿಯೋದಲ್ಲಿ ಅತ್ತೆಯ ದನಿಯೂ ಇತ್ತು. "ಒಸಿ ಕೈ ಎತ್ತವ್ವ, ಬಿಗಿ ಆಯ್ತದಾ ನೋಡಾನ."

ಅತ್ತೆ, ನಾನು ಅಡುಗೆಮನೆಯ ನೆಲದಲ್ಲಿ ಕೂತು ಒಂದೊಂದೇ ನೋಡಿದೆವು. ಅವರು ಮೆಷಿನ್ ಗುರುತಿಸಿ ಹೇಳುವುದು, ನಾನು ಬರೆಯುವುದು.

ಅರ್ಧಕ್ಕೆ ಅವರು ಫೋನನ್ನು ತಮ್ಮ ಕೈಗೆ ತಗೊಂಡು, ನೋಡಿದ ಫೋಟೋಗಳನ್ನೇ ಮತ್ತೆ ಮೊದಲಿನಿಂದ ನೋಡತೊಡಗಿದರು.

ಎಲ್ಲ ಫೋಟೋದಲ್ಲೂ ಹಿಂದೆ ಅವರಿದ್ದರು. ಕತ್ತಿನಲ್ಲಿ ಟೇಪು, ಬಗ್ಗಿಸಿದ ತಲೆ. ಅವರ ಫೋಟೋ ಅಂತ ಯಾರೂ ತೆಗೆದದ್ದಲ್ಲ, ಆದರೆ ವರ್ಷ ವರ್ಷಕ್ಕೂ ಅವರಿದ್ದರು.

"ನನ್ ತಲೆ ಈ ಪಾಟಿ ಬೆಳ್ಳಗಾಗೈತಾ?" ಅಂದರು.

ಒಂದು ಫೋಟೋದಲ್ಲಿ ಐದು ಮೆಷಿನ್ ಇದ್ದವು. ನಾನು ಐದು ಅಂತ ಬರೆಯುತ್ತಿದ್ದೆ, ಅವರು ಕೈ ಹಿಡಿದು ಒಂದು ಮೆಷಿನ್ ತೋರಿಸಿದರು.

"ಅದ್ ಬೇಡ ಕಣವ್ವ. ಅದ್ನ ರತ್ನಂಗೆ ಕೊಟ್ಬುಟ್ಟೆ."

ರತ್ನ ಅವರ ಹತ್ತಿರ ಕೆಲಸ ಕಲಿತವಳು. ಮದುವೆಯಾಗಿ ಮರಳವಾಡಿಗೆ ಹೋದಾಗ ಅತ್ತೆ ಒಂದು ಮೆಷಿನ್ ಕೊಟ್ಟು ಕಳಿಸಿದ್ದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅಂದೆ, "ಫೋಟೋದಲ್ಲಿ ಐತಲ್ಲ ಅತ್ತೆ, ಯಾರ್ ಕೇಳ್ತಾರೆ?"

ಅತ್ತೆ ರೇಗಲಿಲ್ಲ. "ಅವ್ಳು ಅದ್ರಲ್ಲೇ ಅನ್ನ ತಿಂತಾವ್ಳೆ. ಅದು ಸುಟ್ಟೋಯ್ತು ಅಂತ ಬರ್ಸಕ್ಕೆ ನಂಗೆ ಮನ್ಸು ಬರಾಕಿಲ್ಲ."

ಹೊಡೆದು ಹಾಕಿ ನಾಲ್ಕು ಅಂತ ಬರೆದೆ.

ಸರ್ವೇಯರ್ ಫೋಟೋಗಳನ್ನೆಲ್ಲ ತಾಳ್ಮೆಯಿಂದ ನೋಡಿದರು. ಎರಡೂವರೆ ತಿಂಗಳಿಗೆ ಕ್ಲೈಮ್ ಆಯಿತು. ಕೇಳಿದ್ದೆಲ್ಲ ಬರಲಿಲ್ಲ, ಫೋಟೋದಲ್ಲಿ ಕಾಣದ ಶೋಕೇಸ್ ಬಿಟ್ಟುಹೋಯಿತು. ಆದರೂ ಮೂರು ಮೆಷಿನ್ ತಗೊಳ್ಳುವಷ್ಟು ಬಂತು.

ಗಿರಾಕಿಗಳ ಬಟ್ಟೆಗೆ ಆ ಪಾಲಿಸಿಯಲ್ಲಿ ಏನೂ ಇರಲಿಲ್ಲ. ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆ ಮನೆಗೆ ಹೋದೆ. ಹೆಚ್ಚಿನವರು ಕಾಫಿ ಕೊಟ್ಟು ಸಮಾಧಾನ ಹೇಳಿದರು, ಕೆಲವರು ಹೊಸ ಬಟ್ಟೆಯನ್ನೇ ತಂದು ಕೈಗಿಟ್ಟರು.

ಒಬ್ಬರು ಮಾತ್ರ ಇವತ್ತಿಗೂ ಮಾತಾಡುವುದಿಲ್ಲ. ಫಾಲ್ ಹಾಕಿಸಲು ಕೊಟ್ಟಿದ್ದ ಸೀರೆ ಅವರ ತೀರಿಹೋದ ತಾಯಿಯದ್ದು. ಅವರದೇನೂ ತಪ್ಪಿಲ್ಲ.

ಕಳೆದ ವಾರ ಅಂಗಡಿ ಮತ್ತೆ ಶುರುವಾಯಿತು. ಪೂಜೆ ಮುಗಿದ ಮೇಲೆ ನಾನು ಫೋನ್ ಹಿಡಿದು ಎಲ್ಲದರ ವಿಡಿಯೋ ಮಾಡಿದೆ. ಮೆಷಿನ್ನಿನ ನಂಬರ್ ಪ್ಲೇಟು ಹತ್ತಿರದಿಂದ, ಬಿಲ್ಲುಗಳು ಒಂದೊಂದಾಗಿ. ಇಮೇಲಿಗೆ ಹಾಕಿಟ್ಟೆ, ಕನಕಪುರದಲ್ಲಿರುವ ತಂಗಿಗೂ ಒಂದು ಕಾಪಿ ಕಳಿಸಿದೆ.

ಕ್ಯಾಮೆರಾ ತಮ್ಮ ಕಡೆ ತಿರುಗಿದ ತಕ್ಷಣ ಅತ್ತೆ ಎದ್ದು ಪಕ್ಕಕ್ಕೆ ಸರಿದರು.

"ನೀವೂ ಇರಿ ಅತ್ತೆ" ಅಂದೆ.

"ನಾನೇನ್ ಸಾಮಾನಾ?" ಅಂದರು. ಆದರೂ ಸೆರಗು ಸರಿ ಮಾಡಿಕೊಂಡು ಬಂದು ಮೆಷಿನ್ ಮುಂದೆ ಕೂತರು. ಈ ಸಲ ತಲೆ ಎತ್ತಿಯೇ ಕೂತರು.

ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಏನೇನಿದೆ ಅಂತ ಒಂದು ವಿಡಿಯೋ ಮಾಡಿಟ್ಟಿದ್ದೀರಾ... ಮಾಡಿದ್ದರೆ, ಅದರಲ್ಲಿ ನಿಮ್ಮವರು ಯಾರಾದರೂ ಇದ್ದಾರಾ?